ಎದುರಿನವರ ಇಸ್ಪೀಟ್ ಎಲೆ ಕಣ್ಣಿಗೆ ಬಿದ್ದರೆ ಹೇಳಬೇಕಾ, ಸುಮ್ನೆ ಇರಬೇಕಾ?

ಜಮಖಾನ ಮಾಲೀಕ, ಕಲಬುರಗಿ

ಮನೆಯಲ್ಲಿ ಒಂದು ಜಗಳ ಇನ್ನೂ ಮುಗಿದಿಲ್ಲ. ನೀವಾದರೂ ಬಗೆಹರಿಸಿ.

ಎಳ್ಳ ಅಮಾವಾಸ್ಯೆಗೆ ಎಲ್ಲರೂ ಹೊಲಕ್ಕೆ ಹೋಗಿದ್ದೆವು. ಚರಗ ಚೆಲ್ಲಿ, ಭಜ್ಜಿ, ಸಜ್ಜೆ ರೊಟ್ಟಿ ಮುಗಿಸಿ, ಬೇವಿನ ಮರದ ಕೆಳಗೆ ಜಮಖಾನ ಹಾಸಿ ಇಸ್ಪೀಟಿಗೆ ಕುಳಿತೆವು. ಮೊದಲೆಲ್ಲ ರಮ್ಮಿ ಆಡುತ್ತಿದ್ದೆವು. ಬೆಂಗಳೂರಿನಲ್ಲಿರುವ ತಮ್ಮ ಪೋಕರ್ ಕಲಿಸಿದ ಮೇಲೆ ಎಲ್ಲರಿಗೂ ಅದೇ ಹುಚ್ಚು. ಟೆಕ್ಸಾಸ್ ಹೋಲ್ಡೆಮ್. ಕೈಯಲ್ಲಿ 2 ಎಲೆ, ನೆಲದ ಮೇಲೆ 5 ಎಲೆ. ದುಡ್ಡಿನ ಮಾತೇ ಇಲ್ಲ. ಒಂದು ತೊಗರಿ ಕಾಳು 10, ಒಂದು ಕಡಲೆ ಕಾಳು 50. ಶೇಂಗಾ 100 ಅಂತ ಇಟ್ಟಿದ್ದೆವು, ಅದನ್ನು ಅರ್ಧ ಆಟದಲ್ಲೇ ತಿಂದು ಖಾಲಿ ಮಾಡಿದರು.

ಒಂದು ದೊಡ್ಡ ಪಾಟ್, ಅಂದರೆ ನಡುವೆ ಎಲ್ಲರೂ ಹಾಕಿದ ಕಾಳಿನ ರಾಶಿ. ಕೊನೆಗೆ ಸೋದರಮಾವ ಮತ್ತು ತಮ್ಮ ಇಬ್ಬರೇ ಉಳಿದರು. ಮಾವ ಮರದ ಬುಡಕ್ಕೆ ಒರಗಿ, ಎಲೆ ಎದೆಯ ಹತ್ತಿರ ಹಿಡಿದಿದ್ದರು. ಅಂಬಲಿ ಲೋಟಕ್ಕೆ ಕೈ ಚಾಚಿದಾಗ ಎಲೆ ವಾಲಿತು. ತಮ್ಮನಿಗೆ ಆಟಿನ್ ಎಕ್ಕ ಪೂರಾ ಕಾಣಿಸಿತು. ಅವನ ಕೈಯಲ್ಲಿ ರಾಣಿ ಜೋಡಿ. ಬಾಯಿ ಬಿಡಲಿಲ್ಲ. ಫ್ಲಾಪ್‌ನಲ್ಲಿ, ಅಂದರೆ ನೆಲದ ಮೇಲೆ ಬೀಳುವ ಮೊದಲ ಮೂರು ಎಲೆಯಲ್ಲಿ, ಒಂಬತ್ತು, ಆರು, ಎರಡು, ಮೂರೂ ಬೇರೆ ಬೇರೆ ಗುರುತಿನವು. ತಮ್ಮ ಇದ್ದಬದ್ದ ಕಾಳೆಲ್ಲ ಮುಂದೆ ತಳ್ಳಿದ. ಮಾವನ ಹತ್ತಿರ ಎಕ್ಕದ ಜೊತೆ ಒಂಬತ್ತು ಇತ್ತು, ಅಷ್ಟೇ ಕಾಳು ಹಾಕಿ ಕಾಲ್ ಮಾಡಿದರು, ಸೋತರು.

ವಾಪಸ್ ಬರುವಾಗ ಟ್ರ್ಯಾಕ್ಟರ್‌ನಲ್ಲಿ ತಮ್ಮ ನಗುತ್ತಾ ವಿಷಯ ಹೇಳಿಬಿಟ್ಟ. ಮಾವ ಆವತ್ತಿನಿಂದ ಅವನ ಜೊತೆ ಮಾತು ಬಿಟ್ಟಿದ್ದಾರೆ. "ಕಾಣೋ ಹಾಗೆ ಹಿಡಿದವರು ಅವರು, ನಾನೇನು ಬಗ್ಗಿ ನೋಡಿದೆನಾ" ಅಂತ ಇವನು. "ಅಳಿಯ ಆಗಿ ನನಗೇ ಟೋಪಿ ಹಾಕಿದ" ಅಂತ ಅವರು. ಯಾರದ್ದು ಸರಿ?

ಯಾದಗಿರಿ ಪ್ಯಾಸೆಂಜರ್

ತಮ್ಮನದೇ ಸರಿ. ಎಲೆ ಕಾಯುವುದು ಹಿಡಿದವರ ಕೆಲಸ. ಮುಗೀತು.

ತೊಗರಿಕಾಳು, ಕಲಬುರಗಿ

ಶೇಂಗಾ ತಿಂದವರ ಮೇಲೆ ಮೊದಲು ಕೇಸ್ ಹಾಕಿ ಅಣ್ಣಾ 😄

ಶಹಾಬಾದ್ ಕಲ್ಲು

ಗೋವಾದ ಒಂದು ಕ್ಯಾಸಿನೊದಲ್ಲಿ ಕೆಲವು ವರ್ಷ ಡೀಲರ್ ಆಗಿದ್ದವನು ನಾನು. ಅಲ್ಲಿ ಇಂಥ ಪಂಚಾಯ್ತಿ ದಿನಾ ಇರುತ್ತಿತ್ತು, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಎಲೆ ಕಂಡಾಗ ಮೊದಲು ಕೇಳುವುದು, ತಪ್ಪು ಹಂಚಿದವನದಾ, ಹಿಡಿದವನದಾ ಅಂತ. ಹಂಚುವಾಗ ಡೀಲರ್ ಕೈಯಿಂದಲೇ ಎಲೆ ಮಗುಚಿ ಬಿದ್ದರೆ ಆಟಗಾರ ಅದನ್ನು ಇಟ್ಟುಕೊಳ್ಳುವ ಹಾಗಿಲ್ಲ. ಹೋಲ್ಡೆಮ್‌ನಲ್ಲಿ ಹಂಚಿದ ಮೊದಲನೆಯ ಅಥವಾ ಎರಡನೆಯ ಎಲೆಯೇ ತೆರೆದುಕೊಂಡರೆ ಎಲ್ಲ ಎಲೆ ವಾಪಸ್, ಮತ್ತೆ ಕಲೆಸಿ ಹಂಚಬೇಕು. ಆಮೇಲಿನ ಯಾವುದೋ ಒಂದು ತೆರೆದುಕೊಂಡರೆ ಹಂಚುವುದನ್ನು ನಿಲ್ಲಿಸುವುದಿಲ್ಲ. ಎಲ್ಲರಿಗೂ ಹಂಚಿ ಮುಗಿದ ಮೇಲೆ ಕಟ್ಟಿನ ಮೇಲಿನ ಎಲೆಯನ್ನು ಅವನಿಗೆ ಕೊಟ್ಟು, ತೆರೆದದ್ದನ್ನು ಬರ್ನ್ ಎಲೆಯಾಗಿ, ಅಂದರೆ ಆಟಕ್ಕೆ ಬಾರದ ಎಲೆಯಾಗಿ, ಪಕ್ಕಕ್ಕೆ ಇಡುತ್ತಾರೆ. ಎರಡು ತೆರೆದುಕೊಂಡರೆ ಮತ್ತೆ ಮೊದಲಿಂದ.

ಆದರೆ ಎಲೆ ಕೈಗೆ ಬಂದ ಮೇಲೆ ಆಟಗಾರನೇ ತೋರಿಸಿಕೊಂಡರೆ ಬದಲಿ ಎಲೆ ಇಲ್ಲ. ಅದೇ ಎಲೆ, ಅದೇ ಆಟ. ಅವನ ಕೈ ರದ್ದೂ ಆಗುವುದಿಲ್ಲ. ಟೂರ್ನಮೆಂಟ್ ನಡೆಸುವವರ ಸಂಘ ಅಂತ ಒಂದಿದೆ, ಟಿಡಿಎ. 2001ರಲ್ಲಿ ಶುರುವಾಯಿತು, ಈಗ ಹೆಚ್ಚಿನ ಕಡೆ ಅವರ ನಿಯಮವೇ ನಡೆಯುತ್ತದೆ. ತನ್ನ ಎಲೆಯನ್ನು ಕಾಪಾಡಿಕೊಳ್ಳುವುದು ಆಟಗಾರನ ಜವಾಬ್ದಾರಿ ಅಂತ ಅವರೂ ಹೇಳುತ್ತಾರೆ.

ಹಾಗಾಗಿ ನಿಯಮ ಕೇಳಿದರೆ ತಮ್ಮನ ಗೆಲುವು ನಿಲ್ಲುತ್ತದೆ. ಕಾಳು ವಾಪಸ್ ಕೊಡಬೇಕಿಲ್ಲ.

ಕಳಾವರ್ ರಾಣಿ, ಬೀದರ್

ಶಹಾಬಾದ್ ಅಣ್ಣಾ, ಗೆಲುವು ನಿಲ್ಲುತ್ತದೆ, ಒಪ್ಪಿದೆ. ಆದರೆ ಮಾವನವರ ಸಿಟ್ಟು ಕಾಳಿನದಲ್ಲ ಅಲ್ವಾ? ಬಗ್ಗಿ ನೋಡಲಿಲ್ಲ ಅನ್ನುವುದು ಕಂಡ ಆ ಕ್ಷಣಕ್ಕೆ ಮಾತ್ರ ಸರಿ. ಆಮೇಲೆ ಫ್ಲಾಪ್ ಬಿತ್ತು, ಯೋಚಿಸಿದ, ಕಾಳು ತಳ್ಳಿದ. ಅಷ್ಟು ಹೊತ್ತೂ ಬಾಯಿ ಇತ್ತು. "ಮಾವಾ, ಎಲೆ ಕಾಣ್ತಿದೆ ನೋಡ್ರಿ" ಅನ್ನಲು ಎಷ್ಟು ಹೊತ್ತು ಬೇಕು?

ನಾನು ಆಡುವ ಕಡೆ ರೂಢಿ ಹೀಗಿದೆ. ಮೊದಲ ಸಲ ಕಂಡರೆ ತಕ್ಷಣ ಹೇಳಬೇಕು. ಹೇಳಿದ ಮೇಲೂ ಅದೇ ಥರ ಹಿಡಿದರೆ ಅದು ಅವರ ಹಣೆಬರಹ. ನಾವು ಕಣ್ಣು ಮುಚ್ಚಿಕೊಂಡು ಕೂರಬೇಕಿಲ್ಲ.

ಯಾದಗಿರಿ ಪ್ಯಾಸೆಂಜರ್

ಅಕ್ಕಾ, ಪೋಕರ್ ಅಂದರೆ ಎದುರಿನವರನ್ನು ಓದುವ ಆಟ. ಮಾವನ ಕೈ ನಡುಗಿದರೆ ನೋಡಬಹುದು. ಉಸಿರು ಬಿಗಿ ಹಿಡಿದರೆ ನೋಡಬಹುದು. ಒಳ್ಳೆ ಎಲೆ ಬಂದಾಗ ಮೀಸೆ ಮುಟ್ಟಿಕೊಳ್ಳುವ ಕಾಕಾ ನಮ್ಮ ಮನೆಯಲ್ಲೂ ಒಬ್ಬರಿದ್ದಾರೆ. ಅದನ್ನು ನೋಡಿಯೇ ನಾನು ಎಷ್ಟೋ ಸಲ ಎಲೆ ಬಿಟ್ಟು ಫೋಲ್ಡ್ ಮಾಡಿದ್ದೇನೆ. ಅವರಿಗೆ ಹೋಗಿ "ಕಾಕಾ, ಮೀಸೆ ಮುಟ್ಟಬೇಡ್ರಿ" ಅಂತ ಹೇಳಬೇಕಾ? ಮೀಸೆ ಓದುವುದು ಜಾಣತನ, ಎಲೆ ಓದುವುದು ಮೋಸ. ಇದ್ಯಾವ ನ್ಯಾಯ?

ಶಹಾಬಾದ್ ಕಲ್ಲು

ಒಳ್ಳೆ ಪ್ರಶ್ನೆ. ಕ್ಯಾಸಿನೊದಲ್ಲಿ ಇದೇ ಮಾತನ್ನು ಬೇರೆ ಬೇರೆ ಭಾಷೆಯಲ್ಲಿ ಕೇಳಿದ್ದೇನೆ.

ಮೀಸೆ ಮುಟ್ಟಿದ್ದಕ್ಕೆ ಯಾವ ನಿಯಮದಲ್ಲೂ ಪರಿಹಾರ ಇಲ್ಲ. ಯಾರೂ ಮತ್ತೆ ಹಂಚುವುದಿಲ್ಲ, ಡೀಲರ್ ಬಾಯಿ ಹಾಕುವುದಿಲ್ಲ. ಎಲೆ ತೆರೆದುಕೊಂಡರೆ ಮಾತ್ರ ಯಾವಾಗ ಬದಲಿಸಬೇಕು, ಯಾರಿಗೆ ತೋರಿಸಬೇಕು, ಯಾವಾಗ ದಂಡ ಅಂತ ಪುಟಗಟ್ಟಲೆ ಇದೆ. ಆಟ ಕಟ್ಟಿದವರೇ ಎರಡನ್ನೂ ಬೇರೆ ಬೇರೆ ಇಟ್ಟಿದ್ದಾರೆ. ಇನ್ನೊಂದು, ಮೀಸೆ ಸುಳ್ಳು ಹೇಳಬಹುದು. ಕಾಕಾ ಬೇಕಂತಲೇ ಮುಟ್ಟಿರಬಹುದು, ಅದನ್ನು ತೂಗಿ ನೋಡುವುದು ನಿಮ್ಮ ಕೆಲಸ. ಆಟಿನ್ ಎಕ್ಕದಲ್ಲಿ ತೂಗುವುದಕ್ಕೆ ಏನೂ ಇಲ್ಲ.

ತೊಗರಿಕಾಳು, ಕಲಬುರಗಿ

ನಾನು ಹೊಸಬ, ಬೈಬೇಡಿ. ಎರಡು ಎಲೆಯಲ್ಲಿ ಒಂದು ತಾನೇ ಕಂಡಿದ್ದು. ಇನ್ನೊಂದು ಗೊತ್ತೇ ಇಲ್ಲ. ಅಷ್ಟಕ್ಕೇ ಅಂಥ ಲಾಭ ಆಗುತ್ತಾ?

ಕಳಾವರ್ ರಾಣಿ, ಬೀದರ್

ಆಗುತ್ತೆ ತಮ್ಮಾ. ಇದೇ ಆಟ ತೆಗೆದುಕೋ.

ತಮ್ಮನ ಕೈಯಲ್ಲಿ 2 ರಾಣಿ. ಮಾವನ ಎಕ್ಕ ಕಾಣದಿದ್ದರೆ ಅವನಿಗೆ ಗೊತ್ತಿಲ್ಲದ ಎಲೆ 50, ಅದರಲ್ಲಿ ಎಕ್ಕ 4. ಫ್ಲಾಪ್‌ನ 3 ಎಲೆಯಲ್ಲಿ ಒಂದಾದರೂ ಎಕ್ಕ ಬೀಳುವ ಸಾಧ್ಯತೆ 22.6%. ಕಂಡ ಮೇಲೆ 49 ಎಲೆ, ಎಕ್ಕ 3. ಸಾಧ್ಯತೆ 17.6%ಕ್ಕೆ ಇಳಿಯಿತು. ಇದು ಸಣ್ಣ ಲಾಭ, ಬಿಡು.

ನಿಜವಾದ ಲಾಭ ಫ್ಲಾಪ್ ಬಿದ್ದ ಮೇಲೆ. ನೆಲದ ಮೇಲೆ ಒಂಬತ್ತು, ಆರು, ಎರಡು. ಏನೂ ಕಾಣದವನಿಗೆ ಎಷ್ಟು ಭಯ ಇರುತ್ತೆ ನೋಡು. ಎದುರಿಗೆ ರಾಜ ಜೋಡಿ ಇರಬಹುದು. ಕೈಯಲ್ಲಿ ಎರಡು ಒಂಬತ್ತು ಇದ್ದು ಈಗ ಮೂರಾಗಿರಬಹುದು. ಒಂಬತ್ತು ಮತ್ತು ಆರು ಎರಡೂ ಕೂಡಿರಬಹುದು. ಮಾವನ ಒಂದು ಎಲೆ ಎಕ್ಕ ಅಂತ ಗೊತ್ತಾದ ತಕ್ಷಣ ಇವೆಲ್ಲ ಮಾಯ! ಆ ಹೊತ್ತಿಗೆ ರಾಣಿ ಜೋಡಿಯನ್ನು ಮೀರಿಸಿರಲು ಉಳಿದ ದಾರಿ ಒಂದೇ, ಮಾವನ ಇನ್ನೊಂದು ಎಲೆಯೂ ಎಕ್ಕ ಆಗಿರಬೇಕು. ಗೊತ್ತಿಲ್ಲದ 46 ಎಲೆಯಲ್ಲಿ ಎಕ್ಕ 3. ಬರೀ ಲೆಕ್ಕಕ್ಕೆ ಹೇಳುವುದಾದರೆ 6.5%.

ಇದ್ದಬದ್ದ ಕಾಳೆಲ್ಲ ತಳ್ಳುವ ಧೈರ್ಯ ಎಲ್ಲಿಂದ ಬಂತು ಅಂತ ಈಗ ಗೊತ್ತಾಯ್ತಲ್ಲ? ಅದಕ್ಕೇ ನನಗೆ "ಕಂಡಿತು ಅಷ್ಟೇ" ಅನ್ನುವ ಮಾತು ಒಪ್ಪಿಗೆ ಆಗಲ್ಲ.

ತೊಗರಿಕಾಳು, ಕಲಬುರಗಿ

ಅಬ್ಬಾ. ಅಕ್ಕನ ಎದುರು ನಾನು ಯಾವತ್ತೂ ಕೂರಲ್ಲ.

ಜಮಖಾನ ಮಾಲೀಕ, ಕಲಬುರಗಿ

ಈ ಲೆಕ್ಕವನ್ನು ತಮ್ಮನಿಗೆ ಕಳಿಸಿದೆ. "ನಾನು ಅಷ್ಟೆಲ್ಲ ಯೋಚಿಸಲೇ ಇಲ್ಲ" ಅಂದ. ಎಂಜಿನಿಯರ್ ಬೇರೆ.

ಒಂದು ಅನುಮಾನ. ಆಗಲೇ ಹೇಳಿದ್ದ ಅಂತ ಇಟ್ಟುಕೊಳ್ಳಿ, ಆಗ ನಾವು ಏನು ಮಾಡಬೇಕಿತ್ತು? ಆಟ ರದ್ದಾ?

ಶಹಾಬಾದ್ ಕಲ್ಲು

ರದ್ದು ಇಲ್ಲ. ಹಾಕಿದ ಕಾಳು ಅಲ್ಲೇ ಇರಲಿ. ಇಬ್ಬರೇ ಉಳಿದಿದ್ದರಲ್ಲ, ಹಾಗಾದರೆ "ಮಾವಾ, ನಿಮ್ಮ ಎಕ್ಕ ಕಾಣಿಸಿತು" ಅಂದರೆ ಸಾಕಿತ್ತು. ಆಟ ಮುಂದುವರಿಯುತ್ತದೆ. ಆದರೆ ಆಟದ ರುಚಿಯೇ ಬದಲಾಗುತ್ತದೆ. ತಮ್ಮನಿಗೆ ಎಕ್ಕ ಗೊತ್ತು ಅಂತ ಮಾವನಿಗೂ ಗೊತ್ತು. ಮುಂದೆ ನೆಲದ ಮೇಲೆ ಎಕ್ಕ ಬಿದ್ದರೆ ತಮ್ಮ ಹೆದರುತ್ತಾನೆ ಅಂತ ಮಾವ ಲೆಕ್ಕ ಹಾಕಬಹುದು. ತಳ್ಳಿದ ಕಾಳಿಗೆ ಕಾಲ್ ಮಾಡುವ ಮುಂಚೆ ಇನ್ನೊಂದು ಸಲ ಯೋಚಿಸಬಹುದು. ಅವರು ಕಳಕೊಂಡಿದ್ದು ಆ ಅವಕಾಶವನ್ನು.

ಮೂರು ನಾಲ್ಕು ಜನ ಇನ್ನೂ ಆಟದಲ್ಲಿದ್ದಾಗ ಇದು ಕಷ್ಟ. ಒಬ್ಬನಿಗೆ ಮಾತ್ರ ಕಂಡಿದೆ. ಅವನು "ಎಲೆ ಸರಿ ಹಿಡೀರಿ" ಅಂದು ಸುಮ್ಮನಾದರೆ ಮರ್ಯಾದೆ ಉಳಿಯಿತು, ಆದರೆ ಗುಟ್ಟು ಅವನೊಬ್ಬನ ಹತ್ತಿರವೇ ಇರುತ್ತದೆ. "ಆಟಿನ್ ಎಕ್ಕ ಕಾಣಿಸಿತು" ಅಂತ ಕೂಗಿದರೆ ಎಲೆ ಹಿಡಿದವರಿಗೆ ಇನ್ನೂ ಹೊಡೆತ, ಈಗ ಎಲ್ಲರಿಗೂ ಗೊತ್ತು. ಇದಕ್ಕೆ ಕ್ಲಬ್‌ಗಳಲ್ಲಿ ಹಳೆಯ ನಿಯಮ ಇದೆ. ಒಬ್ಬರಿಗೆ ತೋರಿದ್ದನ್ನು ಎಲ್ಲರಿಗೂ ತೋರಿಸಬೇಕು. ನೋಡಿದವನು ಆ ಸುತ್ತಿನಲ್ಲಿ ಇನ್ನೂ ಕಾಳು ಹಾಕುವುದಿದ್ದರೆ ಆ ಎಲೆಯನ್ನು ಕೂಡಲೇ ಎಲ್ಲರಿಗೂ ತೋರಿಸಬೇಕು. ನೋಡಿದವನು ಆಗಲೇ ಫೋಲ್ಡ್ ಮಾಡಿದ್ದರೆ ಬಾಯಿ ಮುಚ್ಚಿಕೊಂಡು ಕೂರಬೇಕು, ಕಾಳು ಹಾಕುವುದೆಲ್ಲ ಮುಗಿದ ಮೇಲೆ ಬೇಕಾದರೆ ತೋರಿಸಬಹುದು.

ಹಿಡಿದವರಿಗೆ ನಷ್ಟ, ನಿಜ. ಆದರೆ ಒಬ್ಬನಿಗೆ ಮಾತ್ರ ಲಾಭ ಆಗುವುದಕ್ಕಿಂತ ಇದು ವಾಸಿ.

ಸುಮ್ನೆ ನೋಡೋನು, ಸುರಪುರ

ಇದೇ ನನಗೆ ಬೇಕಿತ್ತು. ನಾನು ಫೋಲ್ಡ್ ಮಾಡಿ ಕೂತಿರುತ್ತೇನೆ. ಪಕ್ಕದ ಗೆಳೆಯ ತನ್ನ ಎಲೆ ನನ್ನ ಕಡೆ ವಾಲಿಸಿ ತೋರಿಸುತ್ತಾನೆ, ಏನು ಮಾಡಲಿ ಅಂತ ಹುಬ್ಬು ಹಾರಿಸುತ್ತಾನೆ. ತಲೆ ಅಲ್ಲಾಡಿಸಿದರೂ ತಪ್ಪಾ?

ಶಹಾಬಾದ್ ಕಲ್ಲು

ಹೌದು. ಒಂದು ಕೈ, ಒಬ್ಬ ಆಟಗಾರ. ಸಲಹೆ ಕೊಡುವ ಹಾಗಿಲ್ಲ, ಮುಖ ಕೂಡ ಬದಲಾಗಬಾರದು. ಮುಂದಿನ ಸಲ ತೋರಿಸಿದಾಗ ಬೇರೆ ಕಡೆ ನೋಡಿ.

ಕಳಾವರ್ ರಾಣಿ, ಬೀದರ್

ಫೋಲ್ಡ್ ಮಾಡುವಾಗ ಎಲೆ ಎಸೆಯುವವರ ಬಗ್ಗೆಯೂ ಹೇಳಬೇಕು. "ಹೇಗೂ ಆಟ ಬಿಟ್ಟೆನಲ್ಲ, ಕಂಡರೇನು" ಅಂತ ಎತ್ತಿ ಒಗೆಯುತ್ತಾರೆ, ಅರ್ಧ ಮಗುಚಿಕೊಳ್ಳುತ್ತದೆ. ಬಿಟ್ಟವರಿಗೆ ಏನೂ ಇಲ್ಲ, ಆಡುತ್ತಿರುವವರಿಗೆ ಇದೆ. ನನ್ನ ಕೈಯಲ್ಲಿ ಇಸ್ಪೀಟ್ ಗುರುತಿನ 2 ಎಲೆ, ನೆಲದ ಮೇಲಿನ 4 ಎಲೆಯಲ್ಲಿ 2 ಇಸ್ಪೀಟ್ ಗುರುತಿನವು. ಇನ್ನೊಂದು ಬಂದರೆ ಫ್ಲಶ್, ಅಂದರೆ ಒಂದೇ ಗುರುತಿನ ಐದು ಎಲೆ. ಗೊತ್ತಿಲ್ಲದ 46ರಲ್ಲಿ 9 ಇಸ್ಪೀಟ್, ಅಂದರೆ 19.6%. ಯಾರೋ ಒಗೆದ ಎರಡೂ ಎಲೆ ಇಸ್ಪೀಟ್ ಅಂತ ನನಗೆ ಕಂಡರೆ 44ರಲ್ಲಿ 7, ಅಂದರೆ 15.9%. ಕಾಲ್ ಮಾಡುವುದೋ ಬಿಡುವುದೋ ಅನ್ನುವ ತೀರ್ಮಾನವೇ ತಿರುಗಬಹುದು. ನನಗೆ ಕಂಡಿತು, ಎದುರಿನವರಿಗೆ ಕಾಣಲಿಲ್ಲ. ಅದಕ್ಕೇ ಎಲೆಯನ್ನು ನೆಲಕ್ಕೆ ಒತ್ತಿಯೇ ಮುಂದೆ ಸರಿಸಬೇಕು.

ಕರಿಕೋಟು, ಕಲಬುರಗಿ

ವಕೀಲನಾಗಿ ಒಂದು ಮಾತು ಸೇರಿಸಲಾ? ಸ್ವಲ್ಪ ದಾರಿ ತಪ್ಪಿಸಿದರೂ ಇಲ್ಲಿಗೇ ಬಂದು ನಿಲ್ಲುತ್ತೇನೆ.

ರಮ್ಮಿ ಜೂಜೋ ಅಲ್ಲವೋ ಅನ್ನುವ ಪ್ರಸಿದ್ಧ ಕೇಸ್ ನಮ್ಮ ಪಕ್ಕದ್ದೇ. ಸಿಕಂದರಾಬಾದಿನ ಒಂದು ಕ್ಲಬ್ ಮೇಲೆ ಪೊಲೀಸರು ದಾಳಿ ಮಾಡಿದ್ದರು. ಕೇಸ್ ಹಾಕಿದ್ದು ಹೈದರಾಬಾದ್ ಗ್ಯಾಂಬ್ಲಿಂಗ್ ಆಕ್ಟ್ ಕೆಳಗೆ. ಫಸಲಿ ಪಂಚಾಂಗದ 1305ರ ಕಾನೂನು ಅದು, ನಿಜಾಮರ ಕಾಲದ್ದು. ಆಗ ಕಲಬುರಗಿ, ಬೀದರ್ ಎಲ್ಲ ಅವರ ಸೀಮೆಯೇ. ಕೇಸ್ ಸುಪ್ರೀಂ ಕೋರ್ಟ್‌ವರೆಗೆ ಹೋಯಿತು. ತೀರ್ಪು 1968ರ ಕಾನೂನು ವರದಿಗಳಲ್ಲಿದೆ. ಮೂರೆಲೆ ಆಟದ ಹಾಗೆ ರಮ್ಮಿ ಪೂರ್ತಿ ಅದೃಷ್ಟದ್ದಲ್ಲ, ಬಿದ್ದ ಎಲೆಗಳನ್ನು ನೆನಪಿಡಬೇಕು, ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು ಅಂತ ಗೊತ್ತಿರಬೇಕು, ಹಾಗಾಗಿ ಅದು ಹೆಚ್ಚಾಗಿ ಕೌಶಲದ ಆಟ ಅಂತ ಕೋರ್ಟ್ ಹೇಳಿತು.

ಕೋರ್ಟ್ ಕೌಶಲ ಅಂದಿದ್ದು ಯಾವುದನ್ನು, ನೋಡಿ. ಎಲ್ಲರ ಮುಂದೆ ಬಿದ್ದ ಎಲೆಯನ್ನು ನೆನಪಿಡುವುದು. ಅದು ಎಲ್ಲರಿಗೂ ಕಾಣುತ್ತದೆ, ಜಾಣ ನೆನಪಿಡುತ್ತಾನೆ, ಉಳಿದವರು ಮರೆಯುತ್ತಾರೆ. ಅಂಬಲಿ ಲೋಟಕ್ಕೆ ಕೈ ಚಾಚಿದಾಗ ವಾಲಿದ ಎಲೆ ಆ ಲೆಕ್ಕಕ್ಕೆ ಬರುವುದಿಲ್ಲ. ಇದು ಕಾನೂನಲ್ಲ, ನನ್ನ ಅಭಿಪ್ರಾಯ.

ಕಾಳಿಟ್ಟು ಆಡಿದ್ದಕ್ಕೆ ಯಾರೂ ಹೆದರಬೇಕಿಲ್ಲ. ದುಡ್ಡಿಟ್ಟು ಆಡುವವರು ಮಾತ್ರ ನಮ್ಮ ರಾಜ್ಯದ 1963ರ ಪೊಲೀಸ್ ಕಾಯ್ದೆಯನ್ನು ಒಮ್ಮೆ ಓದಿಕೊಳ್ಳಿ. ಆನ್‌ಲೈನ್ ದುಡ್ಡಿನ ಆಟಕ್ಕಂತೂ 2025ರ ಆಗಸ್ಟ್‌ನಲ್ಲಿ ಕೇಂದ್ರದ ನಿಷೇಧ ಕಾನೂನೇ ಬಂದಿದೆ.

ಯಾದಗಿರಿ ಪ್ಯಾಸೆಂಜರ್

ಸರ್, ಮಾವನ ಕಡೆ ವಕಾಲತ್ತು ಹಾಕಿದಿರಾ? ಫೀಸು ತೊಗರಿ ಕಾಳಲ್ಲೇ ಬರುತ್ತೆ ನೋಡಿ.

ಆದರೆ ಆನ್‌ಲೈನ್ ಮಾತು ಬಂತಲ್ಲ, ಅದರಲ್ಲಿ ಒಂದು ನಿಜ ಇದೆ. ನಾನು ಕಲಿತಿದ್ದು ಆ್ಯಪ್‌ನಲ್ಲಿ. ಅಲ್ಲಿ ಎಲೆ ಹಿಡಿಯುವುದೇ ಇಲ್ಲ, ಕಾಣಿಸುವ ಪ್ರಶ್ನೆಯೇ ಬರಲ್ಲ. ನನ್ನ ಹಾಗೆ ಕಲಿತವರು ಮನೆಯಲ್ಲಿ ಕೂತರೆ ಎಲೆಯನ್ನು ಪೇಪರ್ ಓದುವ ಹಾಗೆ ಎತ್ತಿ ಹಿಡಿಯುತ್ತಾರೆ. ಹಿಂದೆ ಕೂತ ಮಕ್ಕಳಿಗೂ ಕಾಣುತ್ತೆ. ಹೇಗೆ ಹಿಡಿಯಬೇಕು, ಅದನ್ನಾದರೂ ಹೇಳಿ.

ಶಹಾಬಾದ್ ಕಲ್ಲು

ಎತ್ತಲೇಬೇಡಿ. ಎರಡೂ ಎಲೆ ಒಂದರ ಮೇಲೊಂದು ನೆಲದ ಮೇಲೇ ಇರಲಿ. ಎಡಗೈಯನ್ನು ಬಟ್ಟಲ ಹಾಗೆ ಮಾಡಿ ಎಲೆಗಳ ಆಚೆ ಬದಿಗೆ ಅಡ್ಡ ಇಡಿ. ಬಲಗೈ ಹೆಬ್ಬೆರಳಿನಿಂದ ನಿಮ್ಮ ಕಡೆಯ ಮೂಲೆಯನ್ನು ಮಾತ್ರ ಸ್ವಲ್ಪ ಎಬ್ಬಿಸಿ. ಮೂಲೆಯಲ್ಲಿ ಅಂಕಿ, ಗುರುತು ಎರಡೂ ಇರುತ್ತವೆ, ಅಷ್ಟು ಸಾಕು. ಒಂದು ಸಲ ನೋಡಿ ನೆನಪಿಟ್ಟುಕೊಳ್ಳಿ. ಫ್ಲಾಪ್‌ನಲ್ಲಿ ಮೂರು ಆಟಿನ್ ಬಿದ್ದ ಕೂಡಲೇ ಮತ್ತೆ ಎತ್ತಿ ನೋಡಿದರೆ, ಕೈಯಲ್ಲಿ ಒಂದೇ ಒಂದು ಆಟಿನ್ ಇರಬಹುದು, ಅದು ಯಾವುದು ಅಂತ ಮರೆತಿದ್ದಾರೆ ಅಂತ ಎದುರಿನವರು ಊಹಿಸುತ್ತಾರೆ.

ಹಂಚುವವರೂ ಕೈ ತಗ್ಗಿಸಬೇಕು. ಎತ್ತರದಿಂದ ಒಗೆದರೆ ಜಮಖಾನದ ಮಡಿಕೆಗೆ ತಾಗಿ ಮಗುಚುತ್ತದೆ. ನಮ್ಮ ಕಡೆ ಬರಿ ಕಲ್ಲಿನ ನೆಲದಲ್ಲಿ ಕೂರುವವರು ಪಾಲಿಶ್ ಮಾಡಿದ ಕಲ್ಲಾದರೆ ಏನಾದರೂ ಹಾಸಿಕೊಳ್ಳಿ. ಬೆಳಕು ಬಿದ್ದಾಗ ಕೆಳಗೆ ಎಲೆಯ ನೆರಳುಬಿಂಬ ಕಾಣುತ್ತದೆ. ಮೊಬೈಲನ್ನು ಮಗುಚಿ ಇಡಿ, ಅದರ ಗಾಜೂ ಕನ್ನಡಿಯೇ.

ಬೀದರ ಗಾಳಿ

ಕನ್ನಡಕ ಬಿಟ್ಟಿರಿ. ನಮ್ಮ ದೊಡ್ಡಪ್ಪನ ಹಿಂದೆ ಟ್ಯೂಬ್‌ಲೈಟ್ ಇದ್ದರೆ ಅವರ ಕನ್ನಡಕದಲ್ಲಿ ಕೆಂಪೋ ಕಪ್ಪೋ ಅಂತ ಗೊತ್ತಾಗುತ್ತಿತ್ತು.

ನನ್ನ ಪ್ರಶ್ನೆ ಹೊಲದ್ದೇ. ಗಾಳಿ ಬೀಸಿ ಎಲೆ ಮಗುಚಿದರೆ ತಪ್ಪು ಯಾರದ್ದು? ಹಂಚಿದವನದ್ದಲ್ಲ, ಹಿಡಿದವನದ್ದೂ ಅಲ್ಲ.

ಶಹಾಬಾದ್ ಕಲ್ಲು

ಕ್ಯಾಸಿನೊದಲ್ಲಿ ಗಾಳಿ ಬೀಸಲ್ಲ ತಮ್ಮಾ 😄 ಆದರೂ ಹಂಚಿ ಮುಗಿದ ಮೇಲೆ ಎಲೆ ಕಾಯುವ ಹೊಣೆ ಆಟಗಾರನದ್ದೇ. ಪೋಕರ್ ಆಡುವವರು ಎಲೆ ಮೇಲೆ ಒಂದು ಚಿಪ್ ಇಡುವುದು ಅದಕ್ಕೇ. ಹೊಲದಲ್ಲಾದರೆ ಒಂದು ಬಾರಿಕಾಯಿ ಇಡಿ. ತಿನ್ನಬೇಡಿ.

ಜಮಖಾನ ಮಾಲೀಕ, ಕಲಬುರಗಿ

ನಮ್ಮಲ್ಲಿ ಬಾರಿಕಾಯಿ ಉಳಿಯುವುದು ಅನುಮಾನ. ಗಾಳಿಯಿಂದ ಮಗುಚಿದರೆ ಮತ್ತೆ ಹಂಚುವುದು ಅಂತ ನಾನು ನಮ್ಮನೆ ನಿಯಮ ಮಾಡುತ್ತೇನೆ. ಶಹಾಬಾದ್ ಅಣ್ಣ ಒಪ್ಪದಿದ್ದರೂ ಸರಿ.

ಶಹಾಬಾದ್ ಕಲ್ಲು

ಮನೆ ಆಟ, ಮನೆ ನಿಯಮ. ಹಂಚುವ ಮೊದಲೇ ಹೇಳಿರಬೇಕು, ಅಷ್ಟೇ. ಎಲೆ ಮಗುಚಿದ ಮೇಲೆ ನಿಯಮ ಹುಟ್ಟಬಾರದು.

ಸುಮ್ನೆ ನೋಡೋನು, ಸುರಪುರ

ಎಲ್ಲರೂ ಪಾಪ, ಕೈ ತಪ್ಪಿ ಕಂಡಿತು ಅಂತ ಮಾತಾಡುತ್ತಿದ್ದೀರಿ. ಬೇಕಂತಲೇ ತೋರಿಸುವವರು? ನಮ್ಮ ಗುಂಪಿನಲ್ಲಿ ಒಬ್ಬ ಇದ್ದಾನೆ. ಎಲೆ ನೋಡುವಾಗ ಒಂದು ಎಲೆ "ಜಾರುತ್ತದೆ". ಸಣ್ಣ ಎಲೆ, ಎರಡೋ ಮೂರೋ. ಅಯ್ಯೋ ಅಂತಾನೆ. ಎದುರಿನವರು ಇವನ ಹತ್ತಿರ ಏನೂ ಇಲ್ಲ ಅಂದುಕೊಂಡು ಜಾಸ್ತಿ ಹಾಕುತ್ತಾರೆ. ಕೊನೆಗೆ ನೋಡಿದರೆ ಇನ್ನೊಂದೂ ಅದೇ ಎರಡು, ನೆಲದ ಮೇಲೆ ಮೂರನೇ ಎರಡು. ಇದು ಆಗಾಗ ನಡೀತಿದೆ. ಹೇಳಿದರೆ "ಕೈ ಬೆವರುತ್ತೆ ಮಾರಾಯಾ" ಅಂತಾನೆ.

ಯಾದಗಿರಿ ಪ್ಯಾಸೆಂಜರ್

ಇದಕ್ಕೆ ನಾನೂ ಒಪ್ಪಲ್ಲ. ಇದು ಕಳ್ಳಾಟವೇ. ಆದರೆ ನೋಡಿ, ಕಂಡ ಎಲೆಯನ್ನು ನಂಬಿ ಕಾಳು ಹಾಕಿದವರೂ ಸಿಕ್ಕಿಬಿದ್ದರು. ಕಂಡ ಕೂಡಲೇ "ಕಾಣ್ತು" ಅಂತ ಎಲ್ಲರಿಗೂ ಹೇಳಿದ್ದರೆ ಅವನ ಬಲೆ ಅಲ್ಲೇ ಹರಿಯುತ್ತಿತ್ತು ಅಲ್ವಾ?

ಕಳಾವರ್ ರಾಣಿ, ಬೀದರ್

ನೋಡ್ರಪ್ಪಾ, ಪ್ಯಾಸೆಂಜರ್ ಗಾಡಿ ಕೊನೆಗೂ ಸ್ಟೇಷನ್‌ಗೆ ಬಂತು.

ಶಹಾಬಾದ್ ಕಲ್ಲು

ಹುಡುಕಿ ಹಿಡಿಯುವುದು ಕಷ್ಟ. ಮನಸ್ಸಿನಲ್ಲಿ ಏನಿತ್ತು ಅಂತ ಯಾರಿಗೆ ಗೊತ್ತು. ಟೂರ್ನಮೆಂಟ್‌ಗಳಲ್ಲಿ ಮನಸ್ಸನ್ನು ಕೇಳುತ್ತಾ ಕೂರುವುದಿಲ್ಲ. ಆಟ ನಡೆಯುತ್ತಿರುವಾಗ ಎಲೆ ತೋರಿಸಿದರೆ ಮೊದಲು ಎಚ್ಚರಿಕೆ ಕೊಡಬಹುದು, ಮತ್ತೆ ಮಾಡಿದರೆ ಒಂದು ಸುತ್ತು ಹೊರಗೆ ಕೂರಿಸಬಹುದು. ನಿಮ್ಮ ಗುಂಪಿನಲ್ಲೂ ಅದನ್ನೇ ಮಾಡಿ. ಜಾರಿದ ಎಲೆಯನ್ನು ಎಲ್ಲರಿಗೂ ಕಾಣುವ ಹಾಗೆ ಮೇಲ್ಮುಖ ಮಾಡಿ, ಹಾಗೇ ಆಡಲಿ. ಎರಡನೇ ಸಲ ಜಾರಿದರೆ ಮುಂದಿನ ಸುತ್ತು ಅವನು ಆಡುವುದು ಬೇಡ, ಎಲ್ಲರಿಗೂ ಚಹಾ ತರಲಿ. ಕೈ ಬೆವರುವುದು ನಿಲ್ಲುತ್ತೋ ಇಲ್ವೋ ನೋಡಿ.

ಸುಮ್ನೆ ನೋಡೋನು, ಸುರಪುರ

ಚಹಾ ಐಡಿಯಾ ಗುಂಪಿಗೆ ಹಾಕಿದೆ. ಮೊದಲ ಉತ್ತರ ಅವನದ್ದೇ: "ಸಕ್ಕರೆ ಎಷ್ಟು?"